ಹಲಸಿನ ಬೇಳೆಯ ಬಿಸ್ಕತ್ತು: ಮಕ್ಕಳೇ ಮಾಡಿ ತಿಂದದ್ದು

ನಮ್ಮದು ಪುತ್ತೂರು ಕಡೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಮೇಲಿನ ಗುಡ್ಡೆಯ ಬದಿಯಲ್ಲಿ ಒಂಬತ್ತು ಹಲಸಿನ ಮರ. ಏಪ್ರಿಲ್ ಬಂತೆಂದರೆ ಹಪ್ಪಳ, ಉಪ್ಪುಸೊಳೆ, ಚಿಪ್ಸ್ ಅಂತ ಮನೆಮಂದಿಗೆಲ್ಲ ಕೆಲಸ. ಸೊಳೆಗೆ ದಾರಿ ಇದೆ. ಬೇಳೆಗೆ ಇಲ್ಲ. ಸಾಂಬಾರಿಗೆ, ಪಲ್ಯಕ್ಕೆ ಹಾಕಿ, ಒಂದಿಷ್ಟು ಕೆಮ್ಮಣ್ಣು ಹಚ್ಚಿ ಮಳೆಗಾಲಕ್ಕೆ ಇಟ್ಟ ಮೇಲೂ ಬುಟ್ಟಿಗಟ್ಟಲೆ ಉಳಿಯುತ್ತದೆ. ಅದೆಲ್ಲ ಗೊಬ್ಬರದ ಗುಂಡಿಗೆ.

ಇದು ಒಂದು ಕಡೆ. ಇನ್ನೊಂದು ಕಡೆ ನನ್ನ ಚಿಕ್ಕ ಮಗ. 2023ರಲ್ಲಿ ಅವನಿಗೆ ನಾಲ್ಕೂವರೆ ವರ್ಷ. ಕೆಲಸದವರ ಚಹಾಕ್ಕೆಂದು ಅಂಗಡಿಯಿಂದ ತಂದ ಬಿಸ್ಕತ್ತು ಬಿಟ್ಟರೆ ಬೇರೇನೂ ಬೇಡ. ಬೆಳಿಗ್ಗೆ ಚಹಾದಲ್ಲಿ ಅದ್ದಿ ನಾಲ್ಕು, ಹತ್ತು ಗಂಟೆಗೆ ಮೂರು, ಊಟದ ಹೊತ್ತಿಗೆ ಹಸಿವಿಲ್ಲ. ತೋಟದ ಕೆಲಸದ ಗಡಿಬಿಡಿಯಲ್ಲಿ ನಾನೂ ಅತ್ತೆಯವರೂ ಅಳು ನಿಂತರೆ ಸಾಕು ಅಂತ ಕೊಟ್ಟುಬಿಡುತ್ತಿದ್ದೆವು. ಮಾರ್ಚ್‌ನಲ್ಲಿ ಅಂಗನವಾಡಿಯಲ್ಲಿ ತೂಕ ನೋಡಿದಾಗ ಟೀಚರ್ ಪುಸ್ತಕ ತೋರಿಸಿದರು. ಮೂರು ತಿಂಗಳಿನಿಂದ ತೂಕದ ಗೆರೆ ಮೇಲೆ ಹೋಗಿರಲಿಲ್ಲ. "ಮನೆಯಲ್ಲಿ ಏನು ತಿನ್ನುತ್ತಾನೆ?" ಎಂದು ಕೇಳಿದರು. ನನಗೆ ಉತ್ತರ ಹೇಳಲು ನಾಚಿಕೆಯಾಯಿತು. ತಿನ್ನುವ ವಸ್ತು ಬೆಳೆಯುವವರು ನಾವು. ನಮ್ಮ ಮಗು ಬದುಕುವುದು ಪ್ಯಾಕೆಟಿನಲ್ಲಿ.

ಪ್ಯಾಕೆಟ್ ತರುವುದು ನಿಲ್ಲಿಸಿದರೆ ರಂಪ. ಹಾಗಾದರೆ ಬಿಸ್ಕತ್ತನ್ನೇ ಮನೆಯಲ್ಲಿ ಮಾಡೋಣ, ಅದೂ ಅವನ ಕೈಯಲ್ಲೇ ಮಾಡಿಸೋಣ ಅಂತ ಹೊರಟದ್ದು. ಆಗ ಏಳೂವರೆ ವರ್ಷದವಳಾಗಿದ್ದ ಅಕ್ಕನಿಗೂ ರಜೆ. ಮೂರು ಸಲ ಕೆಟ್ಟಿತು, ನಾಲ್ಕನೆಯ ಸಲ ಸರಿಯಾಯಿತು. ಅಲ್ಲಿಂದ ಪ್ರತಿ ಬೇಸಿಗೆ ಮಾಡುತ್ತಿದ್ದೇವೆ. ಓವನ್ ಇಲ್ಲ, ಮೊಟ್ಟೆ ಇಲ್ಲ, ಮೈದಾ ಇಲ್ಲ.

ಬೇಳೆ ಹುಡಿ ಮಾಡುವ ಕ್ರಮ

ಬರಿಕ್ಕೆಯದಾದರೂ ಸರಿ, ತುಳುವದ್ದಾದರೂ ಸರಿ. ಬೇಳೆ ಬಲಿತಿರಬೇಕು, ಮೊಳಕೆ ಬಂದಿರಬಾರದು. ಲೋಳೆ ಹೋಗುವಂತೆ ಎರಡು ನೀರಿನಲ್ಲಿ ತೊಳೆದು ಒಂದೆರಡು ದಿನ ಬಿಸಿಲಿಗೆ ಹರವಿ. ಹೊರಗಿನ ಬಿಳಿ ಸಿಪ್ಪೆ ತಾನಾಗಿ ಬಿಡುತ್ತದೆ. ಮಕ್ಕಳಿಗೆ ಕೊಡಬಹುದಾದ ಮೊದಲ ಕೆಲಸ ಇದೇ. ಒಳಗಿನ ಕಂದು ಪೊರೆ ಇದ್ದರೆ ತೊಂದರೆ ಇಲ್ಲ. ಹುಡಿಯ ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಅಷ್ಟೆ.

ಸಿಪ್ಪೆ ತೆಗೆದ ಬೇಳೆಯನ್ನು 15ರಿಂದ 20 ನಿಮಿಷ ಬೇಯಿಸಬೇಕು. ಈ ಹಂತ ಬಿಡಬೇಡಿ. ಹಸಿ ಬೇಳೆಯಲ್ಲಿ ಪ್ರೊಟೀನು ಜೀರ್ಣವಾಗುವುದಕ್ಕೆ ಅಡ್ಡಿ ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಹಸಿ ಬೇಳೆ ತಿಂದರೆ ಹೊಟ್ಟೆ ನೋವು ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಬೆಂದದ್ದನ್ನು ತೆಳ್ಳಗೆ ಹೆಚ್ಚಿ ಮೂರು ನಾಲ್ಕು ದಿನ ಒಳ್ಳೆ ಬಿಸಿಲಿಗೆ ಹಾಕಿ. ಮುರಿದರೆ 'ಟಕ್' ಎನ್ನಬೇಕು, ಬಗ್ಗಬಾರದು. ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಹುರಿದು, ಮಿಲ್ಲಿನಲ್ಲೋ ಮಿಕ್ಸಿಯಲ್ಲೋ ಹುಡಿ ಮಾಡಿ ಜರಡಿ ಹಿಡಿಯಿರಿ. ಒಂದು ಕಿಲೊ ಹಸಿ ಬೇಳೆಗೆ ನಮಗೆ 350 ಗ್ರಾಂ ಆಸುಪಾಸು ಹುಡಿ ಸಿಕ್ಕಿದೆ.

ನಮ್ಮಲ್ಲಿ ಹಲಸು, ಬಿಸಿಲು, ಶಾಲೆಯ ರಜೆ ಮೂರೂ ಒಟ್ಟಿಗೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ. ಜೂನಿನ ಮಳೆ ಹಿಡಿದ ಮೇಲೆ ಬೇಳೆ ಒಣಗುವುದಿಲ್ಲ, ಬೂಸಲು ಬರುತ್ತದೆ. ಆದ್ದರಿಂದ ಹುಡಿಯ ಕೆಲಸ ಮೇ ಒಳಗೆ ಮುಗಿಸಿ. ಗಾಳಿಯಾಡದ ಡಬ್ಬದಲ್ಲಿಟ್ಟರೆ ಎರಡು ಮೂರು ತಿಂಗಳು ಧಾರಾಳ ಬರುತ್ತದೆ.

ಅಳತೆ

ಗೋಧಿ ಹುಡಿ 200 ಗ್ರಾಂ
ಹಲಸಿನ ಬೇಳೆ ಹುಡಿ 100 ಗ್ರಾಂ
ಬೆಲ್ಲದ ಹುಡಿ 120 ಗ್ರಾಂ
ತುಪ್ಪ 120 ಗ್ರಾಂ
ಅಡಿಗೆ ಸೋಡಾ ಕಾಲು ಚಮಚ (ಚಹಾ ಚಮಚ)
ಉಪ್ಪು ಒಂದು ಚಿಟಿಕೆ, ಏಲಕ್ಕಿ ಎರಡು
ಹಾಲು ಮೂರು ನಾಲ್ಕು ದೊಡ್ಡ ಚಮಚ, ಬೇಕಾದಷ್ಟೇ

ತಕ್ಕಡಿ ಇಲ್ಲದವರು ಒಂದೇ ಲೋಟದಲ್ಲಿ ಅಳೆಯಿರಿ: ಗೋಧಿ ಎರಡು, ಬೇಳೆ ಹುಡಿ ಒಂದು, ಬೆಲ್ಲ ಮುಕ್ಕಾಲು, ತುಪ್ಪ ಮುಕ್ಕಾಲಿಗೆ ತುಸು ಕಡಿಮೆ. ಮೇಲಿನ ಅಳತೆಯಲ್ಲಿ ಸಣ್ಣ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದರೆ 36ರಿಂದ 40 ಬಿಸ್ಕತ್ತು ಆಗುತ್ತದೆ.

ಮರಳಿನ ಒಲೆ

ದೊಡ್ಡ ಕಬ್ಬಿಣದ ಬಾಣಲೆ ಒಂದು. ತೊಳೆದು, ಜರಡಿ ಹಿಡಿದು, ಚೆನ್ನಾಗಿ ಒಣಗಿಸಿದ ಹೊಯಿಗೆಯನ್ನು ಎರಡು ಬೆರಳು ದಪ್ಪ ಹಾಕಿ. ಅದರ ಮೇಲೆ ಬಿಸಿ ಪಾತ್ರೆ ಇಡುವ ಕಬ್ಬಿಣದ ಸಣ್ಣ ಸ್ಟ್ಯಾಂಡ್. ಸ್ಟ್ಯಾಂಡ್ ಬದಲು ಹೊಳೆಯ ಕಲ್ಲು ಇಡಬೇಡಿ, ನೀರು ಹೀರಿಕೊಂಡ ಕಲ್ಲು ಬಿಸಿಗೆ ಸಿಡಿಯಬಹುದು. ಸ್ಟ್ಯಾಂಡಿನ ಮೇಲೆ ಬಿಸ್ಕತ್ತಿನ ತಟ್ಟೆ. ಸುತ್ತ ಗಾಳಿ ಓಡಾಡಲು ಬಾಣಲೆಗೂ ತಟ್ಟೆಗೂ ನಡುವೆ ಒಂದು ಬೆರಳಾದರೂ ಜಾಗ ಇರಲಿ. ಮೇಲೆ ಅಂಚು ಎತ್ತರ ಇರುವ ಭಾರದ ಕಬ್ಬಿಣದ ಮುಚ್ಚಳ.

ಮರಳು ಯಾಕೆ? ಬರೀ ಬಾಣಲೆಯಾದರೆ ಉರಿ ಸ್ವಲ್ಪ ಜೋರಾದ ಕೂಡಲೇ ತಟ್ಟೆಗೆ ಬಿಸಿ ಏರುತ್ತದೆ, ಉರಿ ತಗ್ಗಿದರೆ ಇಳಿಯುತ್ತದೆ. ಮರಳು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಸೌದೆ ಒಲೆಯ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ.

ತಟ್ಟೆ ಇಡುವ ಮೊದಲು 20 ನಿಮಿಷ ಮುಚ್ಚಿ ಕಾಯಿಸಬೇಕು. ಬಿಸ್ಕತ್ತಿಗೆ ಬೇಕಾದ ಶಾಖ 170-180 ಡಿಗ್ರಿ. ಅದನ್ನು ನೋಡಲು ಮೀಟರ್ ಬೇಡ. ಖಾಲಿ ತಟ್ಟೆಯಲ್ಲಿ ಒಂದು ಚಿಟಿಕೆ ಗೋಧಿ ಹುಡಿ ಉದುರಿಸಿ ಮುಚ್ಚಿ. ಐದು ನಿಮಿಷದಲ್ಲಿ ತಿಳಿ ಕಂದು ಆದರೆ ಸರಿ. ಒಂದೆರಡು ನಿಮಿಷಕ್ಕೇ ಕಪ್ಪಾದರೆ ಸೌದೆ ಎಳೆಯಿರಿ. ಐದು ನಿಮಿಷವಾದರೂ ಬೆಳ್ಳಗೇ ಇದ್ದರೆ ಇನ್ನೂ ಕಾಯಿಸಿ. ಗಡಿಯಾರ ನೋಡುವ ಕೆಲಸ ಅಕ್ಕನದ್ದು. ನಿಮಿಷದ ಮುಳ್ಳು ಓದಲು ಅವಳು ಸರಿಯಾಗಿ ಕಲಿತದ್ದು ಇಲ್ಲೇ.

ಕೆಟ್ಟ ಮೂರು ಸಲ

ಮೊದಲ ಸಲ ಬಿಸ್ಕತ್ತೆಲ್ಲ ಹರಿದು ಒಂದಕ್ಕೊಂದು ಅಂಟಿ ತಟ್ಟೆ ತುಂಬ ಒಂದೇ ದೋಸೆ. ಕಾರಣ ತುಪ್ಪ. ನಮ್ಮ ಏಪ್ರಿಲ್ ಸೆಕೆಗೆ ತುಪ್ಪ ಎಣ್ಣೆಯಾಗಿ ಕರಗಿತ್ತು. ಗಟ್ಟಿ ತುಪ್ಪವಾದರೆ ಹುಡಿಯೊಂದಿಗೆ ಸಣ್ಣ ಸಣ್ಣ ಕಾಳಾಗಿ ಕೂರುತ್ತದೆ. ಒಲೆಯಲ್ಲಿ ಅದು ಕರಗುವ ಹೊತ್ತಿಗೆ ಬಿಸ್ಕತ್ತಿನ ಹೊರಮೈ ಗಟ್ಟಿಯಾಗಿರುತ್ತದೆ. ಈಗ ತುಪ್ಪದ ಪಾತ್ರೆಯನ್ನು ಅರ್ಧ ಗಂಟೆ ತಣ್ಣೀರಲ್ಲಿಟ್ಟೇ ತೆಗೆಯುತ್ತೇವೆ. ಫ್ರಿಜ್ ಇದ್ದವರು ಕಟ್ಟಿದ ಉಂಡೆಯನ್ನೂ 15 ನಿಮಿಷ ಅದರಲ್ಲಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯ ಸಲ ನನ್ನ ಆಸೆಬುರುಕತನ. ಬೇಳೆ ರಾಶಿ ಇದೆಯಲ್ಲ ಅಂತ ಅರ್ಧಕ್ಕರ್ಧ ಬೇಳೆ ಹುಡಿ ಹಾಕಿದೆ. ಮುಟ್ಟಿದರೆ ಹುಡಿ ಹುಡಿ, ಬಾಯಿಗಿಟ್ಟರೆ ಗಂಟಲಿಗೆ ಅಂಟು. ಬೇಳೆಯಲ್ಲಿ ಹೆಚ್ಚಿನದು ಪಿಷ್ಟ. ಗೋಧಿಯಲ್ಲಿರುವ ಹಿಡಿದಿಡುವ ಅಂಟು, ಅಂದರೆ ಗ್ಲುಟೆನ್, ಇದರಲ್ಲಿ ಇಲ್ಲ. ಗೋಧಿ ಎರಡು ಪಾಲು, ಬೇಳೆ ಒಂದು ಪಾಲು ನಮಗೆ ಸರಿಬಂದ ಮಿತಿ. ಹಾಗೆಂದು ಗೋಧಿಯ ಅಂಟು ಜಾಸ್ತಿ ಎದ್ದರೂ ಕಷ್ಟ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕತ್ತು ಗಟ್ಟಿ ಬಿಲ್ಲೆಯಾಗುತ್ತದೆ. ಮೊದಲು ಒಣ ಹುಡಿಗೆ ತುಪ್ಪ ತಿಕ್ಕಬೇಕು. ತುಪ್ಪ ಹುಡಿಯ ಕಣಗಳಿಗೆ ಲೇಪವಾಗಿ ನೀರು ತಾಗದಂತೆ ತಡೆಯುತ್ತದೆ, ಅಂಟು ಏಳುವುದಿಲ್ಲ. ಕೊನೆಗೆ ಹಾಲು ಚಿಮುಕಿಸಿ, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟೇ ಒಟ್ಟು ಮಾಡುವುದು.

ಮೂರನೆಯ ಸಲ ಅಡಿ ಸೀದು ಮೇಲೆ ಹಸಿ. ಕೆಳಗಿನಿಂದ ಮಾತ್ರ ಶಾಖ ಇದ್ದರೆ ಹೀಗೇ ಆಗುವುದು. ದಾರಿ ಹೇಳಿದ್ದು ಅತ್ತೆ. "ಮುಚ್ಚಳದ ಮೇಲೆ ನಾಲ್ಕು ಕರಟದ ಕೆಂಡ ಹಾಕು ಮಾರಾಯ್ತಿ, ಮೇಲಿನಿಂದ ಬೇಯುವುದು ಮತ್ತೆ ಹೇಗೆ?" ಹಾಗೆ ಮಾಡಿದ ದಿನವೇ ಬಿಸ್ಕತ್ತು ಬಿಸ್ಕತ್ತಾಯಿತು. ಕೆಳಗೆ ಉರಿ ಬೇಡ, ಕೆಂಡ ಮಾತ್ರ. ಮೇಲೂ ಕೆಂಡ.

ಗ್ಯಾಸಿನಲ್ಲಿ ಮಾಡುವವರಿಗೆ ಮೇಲೆ ಕೆಂಡ ಇಡಲಾಗದು. ಅವರು ಬಿಸ್ಕತ್ತನ್ನು ತೆಳ್ಳಗೆ ಒತ್ತಿ, ಸಣ್ಣ ಉರಿಯಲ್ಲಿ 25 ನಿಮಿಷ ಇಟ್ಟು, ಕೊನೆಗೆ ಒಂದೊಂದನ್ನೇ ಮೆಲ್ಲ ಮಗುಚಿ ಇನ್ನೈದು ನಿಮಿಷ ಬಿಡಬಹುದು. ಓವನ್ ಇದ್ದರೆ 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ.

ಯಾರಿಗೆ ಯಾವ ಕೆಲಸ

ಮಕ್ಕಳನ್ನು ಸುಮ್ಮನೆ ನೋಡಲು ಕೂರಿಸಿದರೆ ಹತ್ತು ನಿಮಿಷಕ್ಕೆ ಬೇಸರ ಬಂದು ಕಿತಾಪತಿ ಶುರು. ಪ್ರಾಯಕ್ಕೆ ತಕ್ಕ ಕೆಲಸ ಕೊಡಬೇಕು.

ನಾಲ್ಕೈದು ವರ್ಷದವರಿಗೆ ಕೈ ತೊಳೆದು ತುಪ್ಪ ತಿಕ್ಕುವುದು, ಉಂಡೆ ಕಟ್ಟುವುದು, ಲೋಟದ ತಳದಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಒತ್ತುವುದು. ನಮ್ಮ ಪುಟ್ಟ ಒಂದು ಉಪಾಯ ಮಾಡಿದ. ತೊಳೆದು ಒರೆಸಿದ ಹಲಸಿನ ಎಲೆಯ ಹಿಂಬದಿಯನ್ನು ಬಿಸ್ಕತ್ತಿನ ಮೇಲಿಟ್ಟು ಒತ್ತಿದ. ನರದ ಗುರುತು ಚಂದ ಬಿತ್ತು. ಅಂಗಡಿಯದರಲ್ಲಿ ಹೆಸರು ಇರುವ ಹಾಗೆ ನಮ್ಮದರಲ್ಲಿ ಎಲೆ. ಅಂದಿನಿಂದ ಎಲೆ ಇಲ್ಲದ ಬಿಸ್ಕತ್ತನ್ನು ಅವನು ಬಿಸ್ಕತ್ತೆಂದೇ ಒಪ್ಪುವುದಿಲ್ಲ.

ಏಳೆಂಟು ವರ್ಷದವರಿಗೆ ತೂಗುವುದು, ಬೆಲ್ಲ ಹೆರೆಯುವುದು, ಲೆಕ್ಕ ಬರೆಯುವುದು, ಹೊತ್ತು ನೋಡುವುದು. ಈ ಸಲ ಸೀದದ್ದೆಷ್ಟು, ಎಷ್ಟು ನಿಮಿಷ ಇಟ್ಟದ್ದು ಅಂತ ಅಕ್ಕ ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಟ್ಟದ್ದರಿಂದಲೇ ನಮ್ಮ ಕ್ರಮ ಸುಧಾರಿಸಿತು. ತೋಟದ ಖರ್ಚನ್ನೇ ನಾವು ಹಾಗೆ ಬರೆದಿಡುವುದಿಲ್ಲ!

ಬೆಂಕಿ, ತಟ್ಟೆ, ಮುಚ್ಚಳ ಪೂರಾ ದೊಡ್ಡವರದ್ದು. ಒಲೆಯ ಸುತ್ತ ಮೂರು ಅಡಿ ದೂರಕ್ಕೆ ಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಗೆರೆ ದಾಟಿದವರಿಗೆ ಅಂದು ಒತ್ತುವ ಕೆಲಸ ಇಲ್ಲ. ಈ ಗೆರೆ ಬಂದದ್ದು ಪೆಟ್ಟು ತಿಂದ ಮೇಲೆಯೇ. ಎರಡನೆಯ ಸಲ ಮಾಡುವಾಗ ಕೆಳಗಿಟ್ಟ ಮುಚ್ಚಳವನ್ನು ಅಕ್ಕ ಮುಟ್ಟಿ ಬೆರಳು ಬೊಬ್ಬೆ ಎದ್ದಿತು. ತಪ್ಪು ನನ್ನದು, ಕೈಗೆಟಕುವಲ್ಲಿ ಇಟ್ಟದ್ದು ನಾನು. ಸುಟ್ಟ ಕೂಡಲೇ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಶಾಯಿ, ಪೇಸ್ಟ್, ತುಪ್ಪ ಹಚ್ಚಬಾರದು. ಬೊಬ್ಬೆ ಒಡೆಯಬಾರದು. ಸುಟ್ಟದ್ದು ದೊಡ್ಡದಾದರೆ ಡಾಕ್ಟರರಲ್ಲಿಗೆ.

ಇನ್ನೊಂದು ಮಾತು. ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಮೊಟ್ಟೆ ಇಲ್ಲದಿದ್ದರೂ ಹಸಿ ಗೋಧಿ ಹುಡಿಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.

ಬೇಯಿಸುವುದು, ಕಾಯುವುದು

ನಮ್ಮ ತಟ್ಟೆಗೆ ಒಂದು ಸಲಕ್ಕೆ ಹತ್ತು ಹಿಡಿಯುತ್ತದೆ. ನಡುವೆ ಒಂದು ಬೆರಳು ಅಂತರ. ಸುಮಾರು 18ರಿಂದ 20 ನಿಮಿಷಕ್ಕೆ ಅಂಚು ಕೆಂಪಾಗುತ್ತದೆ. ಆಗ ತೆಗೆಯಿರಿ. ಬೆರಳಲ್ಲಿ ಒತ್ತಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಪುನಃ ಇಡಬೇಡಿ. ಬೆಲ್ಲವೂ ತುಪ್ಪವೂ ತಣಿದ ಮೇಲೆಯೇ ಗಟ್ಟಿಯಾಗುವುದು. ಹತ್ತು ನಿಮಿಷ ತಟ್ಟೆಯಲ್ಲೇ ಬಿಟ್ಟು, ಮತ್ತೆ ಜರಡಿಯ ಮೇಲೆ ಹರವಿ ಪೂರ್ತಿ ಆರಿದ ನಂತರ ಡಬ್ಬಕ್ಕೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಮಕ್ಕಳಿಗೆ ಬಹಳ ಕಷ್ಟದ ಕೆಲಸ ಇದೇ, ಆರುವ ತನಕ ಕಾಯುವುದು.

ಬೆಲ್ಲ ಗಾಳಿಯ ತೇವ ಎಳೆಯುತ್ತದೆ. ಆದ್ದರಿಂದ ಸಕ್ಕರೆಯ ಬಿಸ್ಕತ್ತಿನಷ್ಟು ದಿನ ಗರಿಗರಿ ಉಳಿಯದು. ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನ, ಮಳೆಗಾಲದಲ್ಲಿ ನಾಲ್ಕೈದು ದಿನ. ಮೆತ್ತಗಾದರೆ ಬಿಸಾಡಬೇಡಿ. ಮರಳಿನ ಒಲೆಯಲ್ಲಿ ಪುನಃ ಐದಾರು ನಿಮಿಷ ಇಟ್ಟು ತಣಿಸಿದರೆ ಸರಿಯಾಗುತ್ತದೆ. ಬಿಸ್ಕತ್ತು ಎಂಬ ಮಾತಿನ ಮೂಲ ಅರ್ಥವೇ 'ಎರಡು ಸಲ ಬೇಯಿಸಿದ್ದು' ಎಂದು. ಹಡಗಿನಲ್ಲಿ ದೂರ ಹೋಗುವವರು ರೊಟ್ಟಿ ಕೆಡದ ಹಾಗೆ ಪುನಃ ಒಣಗಿಸಿ ಒಯ್ಯುತ್ತಿದ್ದರಂತೆ. ನಾವು ಹಪ್ಪಳವನ್ನು ಆಟಿ ತಿಂಗಳಿಗೆ ಒಣಗಿಸಿಡುವ ಹಾಗೆಯೇ.

ಲಾಭ ನಷ್ಟ

ಹಣದ ಲೆಕ್ಕ ಹಾಕಿದರೆ ಇದರಲ್ಲಿ ಉಳಿತಾಯ ಇಲ್ಲ. ಪೇಟೆಯ ಅಗ್ಗದ ಗ್ಲೂಕೋಸ್ ಬಿಸ್ಕತ್ತಿಗಿಂತ ನಮ್ಮದು ದುಬಾರಿ. ಮನೆಯಲ್ಲಿ ದನ ಇರುವುದರಿಂದ ತುಪ್ಪ ಕೊಳ್ಳಬೇಕಾಗಿಲ್ಲ, ಕೊಳ್ಳುವವರಿಗೆ ಅದೇ ದೊಡ್ಡ ಖರ್ಚು. ನಾಲ್ಕು ತಟ್ಟೆ ಮುಗಿಯುವಾಗ ಎರಡು ಗಂಟೆ ಹೋಗುತ್ತದೆ. ಮಾರಾಟ ಮಾಡಿ ಎಂದು ಕೆಲವರು ಹೇಳಿದರು. ನನಗೆ ಆ ಉಮೇದು ಇಲ್ಲ.

ಆದರೆ ಅಂಗಡಿಯ ಪ್ಯಾಕೆಟಿನ ಹಿಂಬದಿಯನ್ನು ಒಮ್ಮೆ ಮಕ್ಕಳಿಂದ ಓದಿಸಿ ನೋಡಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಾಮಾನ್ಯವಾಗಿ ಕಾಣುವ ಸಾಲು ಮೈದಾ, ಸಕ್ಕರೆ, ತಾಳೆ ಎಣ್ಣೆ. ಅಕ್ಕ ಓದಿ, "ಅಮ್ಮಾ, ಇದರಲ್ಲಿ ನಮ್ಮ ತೋಟದ್ದು ಒಂದೂ ಇಲ್ಲ" ಎಂದಳು. ನಮ್ಮ ಬಿಸ್ಕತ್ತಿನಲ್ಲಿ ಬೇಳೆ, ತುಪ್ಪ, ಹಾಲು, ಏಲಕ್ಕಿ ನಮ್ಮದೇ. ಗೋಧಿ, ಬೆಲ್ಲ, ಸೋಡಾ, ಉಪ್ಪು ಮಾತ್ರ ಅಂಗಡಿಯದ್ದು.

ಹಾಗಂತ ಇದು ಔಷಧಿ ಅಲ್ಲ. ಇದರಲ್ಲೂ ಸಿಹಿ ಇದೆ, ತುಪ್ಪ ಇದೆ. ದಿನಕ್ಕೆ ಒಬ್ಬರಿಗೆ ಎರಡು, ಅದೂ ಊಟವಾದ ಮೇಲೆ, ತಿಂದು ಬಾಯಿ ಮುಕ್ಕಳಿಸಬೇಕು ಎಂದು ಕಟ್ಟಳೆ ಮಾಡಿದ್ದೇವೆ.

ಪುಟ್ಟನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಬಿಸ್ಕತ್ತು ತಿಂದದ್ದು ದೊಡ್ಡ ಸಂಗತಿಯಲ್ಲ, ಅದು ಗೊತ್ತಿದ್ದದ್ದೇ. ಉಂಡೆ ಕಟ್ಟಲು ಕಲಿತವನು ಮರುವಾರ ನಾನು ಕೊಟ್ಟಿಗೆ ಮಾಡುವಾಗ ಹತ್ತಿರ ಬಂದು ಕೂತ. ಎಲೆ ಮಡಚಲು ಕೊಟ್ಟೆ. ಸೊಟ್ಟಸೊಟ್ಟಗೆ ಮಡಚಿದ ಆ ಕೊಟ್ಟಿಗೆಯನ್ನು "ಇದು ನಾನು ಮಾಡಿದ್ದು" ಅಂತ ಬೇರೆ ಇಟ್ಟುಕೊಂಡು, ನಾನು ಹೇಳದೆಯೇ ಪೂರ್ತಿ ತಿಂದ. ಆಮೇಲೆ ಬೀನ್ಸ್ ಮುರಿದು ಕೊಟ್ಟದ್ದಕ್ಕೆ ಬೀನ್ಸ್ ಪಲ್ಯ ತಿಂದ. ಜೂನಿನಲ್ಲಿ ಅಂಗನವಾಡಿಯ ತಕ್ಕಡಿಯಲ್ಲಿ 400 ಗ್ರಾಂ ಹೆಚ್ಚು ತೋರಿಸಿತು. ಅದು ಬಿಸ್ಕತ್ತಿನ ಮಹಿಮೆ ಎಂದು ನಾನು ಹೇಳುವುದಿಲ್ಲ. ತನ್ನ ಕೈ ತಾಗಿದ್ದನ್ನು ಮಗು ತಿನ್ನುತ್ತದೆ, ನಾನು ಕಂಡದ್ದು ಇಷ್ಟೇ. ಅವನನ್ನು ಅಡಿಗೆ ಮನೆಯಿಂದ ಆಚೆ ಓಡಿಸಿ ಕೈಗೆ ಪ್ಯಾಕೆಟ್ ಕೊಟ್ಟವರು ನಾವೇ.

ಈಗಲೂ ಪೇಟೆಗೆ ಹೋದರೆ ಅಂಗಡಿಯ ಬಿಸ್ಕತ್ತು ಕೇಳುತ್ತಾನೆ. ಒಮ್ಮೊಮ್ಮೆ ಕೊಡಿಸುತ್ತೇವೆ. ಅದಕ್ಕೆ ಗಲಾಟೆ ಇಲ್ಲ.

ಈ ಬೇಸಿಗೆಯಲ್ಲಿ ಬೇಳೆಯನ್ನು ಗೊಬ್ಬರ ಗುಂಡಿಗೆ ಹಾಕುವ ಮೊದಲು ಒಂದು ಕಿಲೊ ತೆಗೆದಿಟ್ಟು ಪ್ರಯತ್ನಿಸಿ. ಮೊದಲ ತಟ್ಟೆ ಸೀದರೆ ಬೇಸರ ಬೇಡ, ದನ ತಿನ್ನುತ್ತದೆ. ತುಪ್ಪದ ಬದಲು ತೆಂಗಿನೆಣ್ಣೆ ಹಾಕಿ ಗರಿಗರಿ ಬರಿಸಿದವರು, ಬೇಳೆಯ ಜತೆ ರಾಗಿಯೋ ಬಾಳೆಕಾಯಿ ಹುಡಿಯೋ ಬೆರೆಸಿ ನೋಡಿದವರು ಇದ್ದರೆ ಅಳತೆ ಸಹಿತ ಬರೆಯಿರಿ. ನಮ್ಮ ಅಕ್ಕನ ನೋಟ್ ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆ ಇದೆ.